ನಲವತ್ತೊಂದನೆಯ ಟ್ಯೂಬು

ಜನವರಿ 9

ಹಗಲೂ ರಾತ್ರಿ ಪ್ರಶ್ನೆ ಕೇಳುವ ನಮ್ಮ ಮನೆಯ ಪ್ರಶ್ನೆಪತ್ರಿಕೆಗೆ ಅತ್ತಿಗೆಯ ಆಶೀರ್ವಾದಗಳು.

ಪೆಟ್ಟಿಗೆ ಬಿಚ್ಚಿದವನೇ ಟ್ಯೂಬುಗಳನ್ನು ಬಿಟ್ಟು ಈ ಕಾಗದಕ್ಕೆ ಕೈ ಹಾಕಿದ್ದರೆ ನಿನ್ನ ಕಿವಿ ಹಿಂಡಬೇಕು. ಮೊದಲು ಅವನ್ನು ಫ್ರೀಜರಿನಲ್ಲಿಟ್ಟು ಬಾ. ರಕ್ತ ಕಾಯುವುದಿಲ್ಲ, ಅತ್ತಿಗೆ ಕಾಯುತ್ತಾಳೆ.

ಇಟ್ಟೆಯಾ? ಸರಿ, ಕೇಳು. ಇದೇ ಕೊನೆಯ ಪೆಟ್ಟಿಗೆ. ರೋಗಿಗಳದು ನೂರು, ಆರೋಗ್ಯವಂತರದು ನೂರು, ಇನ್ನೂರೂ ನಿನ್ನ ಕೈ ಸೇರಿದ ಹಾಗಾಯಿತು. ರೋಗಿಗಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಆದರೆ ನಮ್ಮ ಆಸ್ಪತ್ರೆಯ ಲ್ಯಾಬಿಗೆ ಆರೋಗ್ಯವಂತರು ಯಾಕಾದರೂ ಬರುತ್ತಾರೆ ಹೇಳು? ರೋಗಿಗಳ ಜೊತೆ ಬಂದವರನ್ನು, ಔಷಧಿ ಅಂಗಡಿಯವರನ್ನು, ಗೇಟು ಕಾಯುವವರನ್ನು, ಇಸ್ತ್ರಿ ಮಾಡುವವರನ್ನು, ಒಬ್ಬೊಬ್ಬರನ್ನೂ ಗೋಗರೆದೆ. "ಅಮ್ಮಾ, ನಿಮ್ಮನ್ನ ಕಂಡ್ರೆ ಈಗ ಎಲ್ಲರೂ ತೋಳು ಬಚ್ಚಿಟ್ಕೋತಾರೆ" ಅಂತ ಗೇಟಿನವರು ನಗುತ್ತಾರೆ. ತೊಂಬತ್ತೊಂಬತ್ತಕ್ಕೆ ಬಂದು ಗಾಡಿ ನಿಂತೇಬಿಟ್ಟಿತ್ತು. ನೂರನೆಯದು ಎಲ್ಲಿಂದ ಬಂತು ಎಂದು ಕೇಳಬೇಡ. ಬಂತು, ಅಷ್ಟೇ.

ನಂಬರುಗಳನ್ನು ಚೆನ್ನಾಗಿ ಕಲೆಸಿ ಹಚ್ಚಿದ್ದೇನೆ, ಜೊತೆಗೆ ರೋಗಿ, ಆರೋಗ್ಯವಂತ ಎಂಬ ಹಣೆಪಟ್ಟಿ ಮಾತ್ರ. ಯಾವ ನಂಬರು ಯಾರದು ಎಂಬ ಪುಸ್ತಕ ನನ್ನ ಬೀರುವಿನಲ್ಲಿದೆ, ಬೀಗದ ಕೈ ನನ್ನ ಕೊರಳಿನಲ್ಲಿದೆ. ನೀನು ಒಂಬತ್ತು ವರ್ಷದವನಿದ್ದಾಗ ಬಿಸ್ಕತ್ತಿನ ಡಬ್ಬಿಗೆ ಬೀಗ ಹಾಕಿದವಳು ನಾನೇ ಎಂಬುದು ನೆನಪಿರಲಿ.

ಇನ್ನು ಪೆಟ್ಟಿಗೆ ಇಲ್ಲ, ಅಂಚೆಯೇ ಗತಿ. ಆದರೂ ಬರೆಯುವುದನ್ನು ಬಿಡಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮಣ್ಣ ಪಕ್ಕದಲ್ಲೇ ಕೂತು "ಊಟ ಮಾಡಿದ್ನಾ ಕೇಳು, ಕನ್ನಡಕ ಒರೆಸ್ತಾನಾ ಕೇಳು" ಅಂತ ಬಾಯಿ ಹಾಕುತ್ತಾರೆ. ಕನ್ನಡಕದ ಅಂಗಡಿಯವರಿಗೆ ಲೋಕವೆಲ್ಲ ಒರೆಸಬೇಕಾದ ಗಾಜು. ನಿನ್ನ ಲ್ಯಾಬಿನ ಆ ಹೊಸ ಯಂತ್ರ ಈ ರಕ್ತ ಇಟ್ಟುಕೊಂಡು ಮಾಡುವುದಾದರೂ ಏನು, ಅವರಿಗೂ ಅರ್ಥವಾಗುವ ಹಾಗೆ ಒಮ್ಮೆ ಬರೆ.

ನಿನ್ನ ಅತ್ತಿಗೆ


ಫೆಬ್ರವರಿ 2

ಪ್ರೀತಿಯ ಅತ್ತಿಗೆಗೆ ನಮಸ್ಕಾರಗಳು.

ಮೊದಲು ಫ್ರೀಜರು, ಆಮೇಲೆ ಕಾಗದ. ಕಿವಿ ಕ್ಷೇಮವಾಗಿದೆ.

ಅಣ್ಣನಿಗೆ ಹೀಗೆ ಹೇಳಿ. ಒಂದು ಹನಿ ರಕ್ತದಲ್ಲಿ ನಾವು ಎಂಟು ಪ್ರೋಟೀನುಗಳನ್ನು ಅಳೆಯುತ್ತೇವೆ. ಒಂದೊಂದನ್ನೇ ಕರೆದು ವಿಚಾರಿಸಿದರೆ ಎಂಟೂ ಸಾಧುಗಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರು ಶುರುವಿನಲ್ಲಿ ಯಾವುದನ್ನೂ ಎದ್ದು ಕಾಣುವಷ್ಟು ಏರಿಸುವುದಿಲ್ಲ, ಬೇನೆಯನ್ನೂ ಕೊಡುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದರೆ ಆ ಎಂಟರ ಒಳಒಪ್ಪಂದ ಮೊದಲೇ ಬದಲಾಗಿರುತ್ತದೆ ಎಂಬುದು ನಮ್ಮ ಊಹೆ. ಕ್ವಾಂಟಮ್ ಯಂತ್ರದಲ್ಲಿ ಒಂದೊಂದು ಪ್ರೋಟೀನಿಗೆ ಒಂದೊಂದು ಕ್ಯೂಬಿಟ್, ಅಂದರೆ ಅದರ ಲೆಕ್ಕದ ಮಣಿ, ಇಟ್ಟು, ಎಂಟನ್ನೂ ಹೆಣೆದು, ಒಟ್ಟಿಗೇ ಪ್ರಶ್ನೆ ಕೇಳುತ್ತೇವೆ. ಒಂದು ಟ್ಯೂಬನ್ನು ಬಚ್ಚಿಟ್ಟು ಉಳಿದ ನೂರ ತೊಂಬತ್ತೊಂಬತ್ತರಿಂದ ಅದಕ್ಕೆ ಪಾಠ ಹೇಳುವುದು, ಆಮೇಲೆ ಬಚ್ಚಿಟ್ಟದ್ದನ್ನು ತೋರಿಸಿ "ಇದು ಯಾರು, ರೋಗಿಯೋ ಅಲ್ಲವೋ" ಎಂದು ಕೇಳುವುದು. ಹೀಗೆ ಇನ್ನೂರು ಸರದಿ.

ತೊಂದರೆಯೆಂದರೆ ಈ ಯಂತ್ರ ಮಹಾ ಚಂಚಲ. ಬಾಹ್ಯಾಕಾಶಕ್ಕಿಂತ ತಣ್ಣಗಿನ ಡಬ್ಬಿಯೊಳಗೆ ನೇತುಹಾಕಿದ್ದರೂ ಆಚೆ ಲಿಫ್ಟು ನಿಂತರೆ ಅದರ ತಲೆ ಕೆಡುತ್ತದೆ. ಇದಕ್ಕೆ ನಾವು ಗದ್ದಲ ಅನ್ನುತ್ತೇವೆ. ಅದಕ್ಕೇ ಒಂದೇ ಪ್ರಶ್ನೆಯನ್ನು ಸಾವಿರಾರು ಸಲ ಕೇಳಿ, ಹೆಚ್ಚು ಸಲ ಏನು ಹೇಳಿತೋ ಅದನ್ನು ಉತ್ತರ ಎಂದು ಬರೆದುಕೊಳ್ಳುತ್ತೇವೆ. ಮಾಮೂಲಿ ಕಂಪ್ಯೂಟರಿಗಿಂತ ಇದು ಮೇಲೋ ಅಲ್ಲವೋ, ನಿಜ ಹೇಳಬೇಕೆಂದರೆ, ಯಾರಿಗೂ ಇನ್ನೂ ಗೊತ್ತಿಲ್ಲ.

ಏಪ್ರಿಲ್ ಮೊದಲ ವಾರ ನಮಗೆ ಹಣ ಕೊಡುವ ಸಮಿತಿ ಕೂರುತ್ತದೆ. ನೂರು ಆರೋಗ್ಯವಂತರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಯಂತ್ರ ಸುಳ್ಳು ಹೆದರಿಕೆ ಹುಟ್ಟಿಸಬಾರದು ಎಂಬುದು ಅವರ ಷರತ್ತು. ಹುಟ್ಟಿಸಿದರೆ ಯೋಜನೆ ಬಂದ್. ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನಿಮ್ಮ ಪ್ರಶ್ನೆಪತ್ರಿಕೆ


ಫೆಬ್ರವರಿ 21

ಪ್ರಶ್ನೆಪತ್ರಿಕೆಗೆ,

ನಿಮ್ಮಣ್ಣ ನಿನ್ನ ಕಾಗದವನ್ನು ಅಂಗಡಿಗೆ ಒಯ್ದು ಗಿರಾಕಿಗಳಿಗೆಲ್ಲ ಓದಿ ಹೇಳಿದರಂತೆ. "ನನ್ನ ತಮ್ಮ ರಕ್ತಾನ ಮಾತಾಡಿಸ್ತಾನೆ" ಅಂತ ಡಂಗುರ. ಒಬ್ಬರು ಕನ್ನಡಕ ಕೊಳ್ಳದೆ ಎದ್ದು ಹೋದರಂತೆ.

ಇಲ್ಲಿ ಎಲ್ಲ ಮಾಮೂಲು. ಬೆನ್ನು ಸ್ವಲ್ಪ ನೋಯುತ್ತದೆ. ಎಂಟು ಗಂಟೆ ನಿಂತೇ ಇರುವವಳಿಗೆ ಬೆನ್ನು ನೋಯದೆ ಇನ್ನೇನು ನೋಯಬೇಕು? ತೂಕ ಇಳಿದಿದೆ. ಉಂಗುರ ನಿಲ್ಲುತ್ತಿಲ್ಲ, ದಾರ ಸುತ್ತಿಕೊಂಡಿದ್ದೇನೆ. ಲ್ಯಾಬಿನ ಹುಡುಗಿಯರು "ಏನ್ ಮಾಡ್ತೀರಾ ಮೇಡಂ, ನಮಗೂ ಹೇಳಿಕೊಡಿ" ಅಂತ ಬೆನ್ನು ಬಿದ್ದಿದ್ದಾರೆ. ಹತ್ತು ವರ್ಷದಿಂದ ಇಳಿಸಬೇಕೆಂದುಕೊಂಡದ್ದು ತಾನಾಗಿ ಇಳಿದರೆ ಬೇಡ ಅನ್ನಲೇ?

ಸಮಿತಿಯ ಚಿಂತೆ ಬಿಡು. ನನ್ನ ಟ್ಯೂಬುಗಳು ನಿನ್ನ ಮಾನ ಕಳೆಯುವುದಿಲ್ಲ.

ಅತ್ತಿಗೆ


ಮಾರ್ಚ್ 7

ಪ್ರೀತಿಯ ಅತ್ತಿಗೆ,

ನಿಮ್ಮ ಟ್ಯೂಬುಗಳಲ್ಲಿ ಇಬ್ಬರು ಹಠಮಾರಿಗಳಿದ್ದಾರೆ. ನಲವತ್ತೊಂದು, ನೂರಾ ಏಳು. ಇಬ್ಬರೂ ಆರೋಗ್ಯವಂತರ ಸಾಲಿನವರು. ಉಳಿದ ತೊಂಬತ್ತೆಂಟನ್ನು ಯಂತ್ರ ಸಲೀಸಾಗಿ ಗುರುತಿಸುತ್ತದೆ. ಈ ಇಬ್ಬರು ಬಂದರೆ ಮಾತ್ರ "ರೋಗಿ, ರೋಗಿ" ಅನ್ನುತ್ತದೆ. ನೂರಾ ಏಳಾದರೂ ಪರವಾಗಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಸಲ ಹೌದು, ಉಳಿದ ಸಲ ಅಲ್ಲ. ನಲವತ್ತೊಂದಕ್ಕಂತೂ ಹತ್ತಕ್ಕೆ ಎಂಟು ಸಲ ಅದೇ ರಾಗ. ಮಾಮೂಲಿ ಕಂಪ್ಯೂಟರನ್ನು ಕೇಳಿದರೆ ಇಬ್ಬರೂ ಗಟ್ಟಿಮುಟ್ಟು ಅನ್ನುತ್ತದೆ.

ಒಬ್ಬರಾದರೆ ಸಮಿತಿ ಒಪ್ಪುತ್ತಿತ್ತು. ಇಬ್ಬರು. ನನಗೆ ಅನ್ನ ಸೇರುತ್ತಿಲ್ಲ ಅತ್ತಿಗೆ. ಯೋಜನೆಯ ಮುಖ್ಯಸ್ಥರು, ನಮ್ಮ ಮೇಷ್ಟ್ರು, ಮಾತ್ರ ಶಾಂತವಾಗಿದ್ದಾರೆ. "ಹಣೆಪಟ್ಟಿ ಸರಿ ಇದೆಯಾ ವಿಚಾರಿಸಿ" ಅಂದರು. ನಿಮ್ಮ ಹಣೆಪಟ್ಟಿ ತಪ್ಪಿರುವುದಿಲ್ಲ ಎಂದು ನಾನೇ ಹೇಳಿಬಿಟ್ಟೆ.

ನಿಮ್ಮ ಪ್ರಶ್ನೆಪತ್ರಿಕೆ


ಮಾರ್ಚ್ 12

ಪ್ರಶ್ನೆಪತ್ರಿಕೆಗೆ,

ಈ ಸಲ ಪ್ರಶ್ನೆ ನನ್ನದು. ಒಂದನ್ನೂ ಬಿಡದೆ ಉತ್ತರಿಸು.

ಆ ನಲವತ್ತೊಂದನ್ನು ಏನು ಮಾಡುತ್ತೀಯ? ಯಂತ್ರ ಹತ್ತಕ್ಕೆ ಎಂಟು ಸಲ ಹೇಳಿದ್ದು ಬರೀ ಗದ್ದಲವಿರಬಹುದೇ? ಒಬ್ಬ ಡಾಕ್ಟರ ಮಾತಿನಲ್ಲಿ ಅನುಮಾನ ಬಂದರೆ ನಾವು ಇನ್ನೊಬ್ಬರನ್ನು ಕೇಳುವುದಿಲ್ಲವೇ, ಹಾಗೆ ಇನ್ನೊಂದು ಕ್ವಾಂಟಮ್ ಯಂತ್ರವನ್ನು ಕೇಳಿ ನೋಡಲು ಆಗುವುದಿಲ್ಲವೇ? ಕೊನೆಯದಾಗಿ, ಆ ಮನುಷ್ಯರೇ ಬಂದು ನಿನ್ನ ಮೇಜಿನ ಎದುರು ನಿಂತು "ನನಗೇನಾದ್ರೂ ಇದೆಯಾ" ಅಂತ ಕೇಳಿದರೆ ಏನು ಹೇಳುತ್ತೀಯ?

ದಾನಿಗಳಿಗೆ ಫಲಿತಾಂಶ ತಿಳಿಸುವ ಹಾಗಿಲ್ಲ ಎಂಬ ನಿಯಮ ನನಗೂ ಗೊತ್ತು. ನಿಯಮ ಕೇಳುತ್ತಿಲ್ಲ, ನಿನ್ನನ್ನು ಕೇಳುತ್ತಿದ್ದೇನೆ. ಬೇಗ ಬರೆ.

ಅತ್ತಿಗೆ


ಮಾರ್ಚ್ 19

ಪ್ರೀತಿಯ ಅತ್ತಿಗೆ,

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು! ಮೇಷ್ಟ್ರು, ನಾನು ಕೂತು ಎರಡೂ ಟ್ಯೂಬುಗಳನ್ನು ಲೆಕ್ಕದಿಂದ ಹೊರಗಿಟ್ಟೆವು. ಉಳಿದ ನೂರ ತೊಂಬತ್ತೆಂಟರಲ್ಲಿ ಸುಳ್ಳು ಹೆದರಿಕೆ ಒಂದೂ ಇಲ್ಲ. ಫಾರಂನಲ್ಲಿ ಕಾರಣ ಬರೆಯಬೇಕಿತ್ತು, "ಸಾಗಣೆಯಲ್ಲಿ ಕರಗಿ ಹಾಳಾಗಿವೆ" ಎಂದು ಬರೆದೆವು. ನಿಮ್ಮ ಪ್ಯಾಕಿಂಗಿನ ಮೇಲೆ ತಪ್ಪು ಹೊರಿಸಿದ್ದಕ್ಕೆ ಬೈದುಕೊಳ್ಳಿ, ಬಂದಾಗ ಕಿವಿಯನ್ನು ಪೂರ್ತಿ ಒಪ್ಪಿಸುತ್ತೇನೆ.

ನಲವತ್ತೊಂದರ ಚಿಂತೆ ನಿಮಗೇಕೆ? ಅದು ಗದ್ದಲ. ಎಂಟು ಕ್ಯೂಬಿಟ್‌ಗಳಲ್ಲಿ ಮೂರನೆಯದು ಆ ವಾರ ಸ್ವಲ್ಪ ಹುಚ್ಚಾಟ ಆಡುತ್ತಿತ್ತು. ಆ ಮನುಷ್ಯರು ಬಂದು ನನ್ನೆದುರು ನಿಂತರೆ "ಮನೆಗೆ ಹೋಗಿ, ಹೊಟ್ಟೆ ತುಂಬ ಊಟ ಮಾಡಿ, ಕಾಲು ಚಾಚಿ ಮಲಗಿ. ನಿಮಗೇನೂ ಇಲ್ಲ" ಅಂತೀನಿ. ಬೇಕಾದರೆ ಬರೆದುಕೊಡುತ್ತೇನೆ. ಇಗೋ, ಬರೆದೇಬಿಟ್ಟೆ: ನಲವತ್ತೊಂದನೆಯವರು ಆರೋಗ್ಯವಾಗಿದ್ದಾರೆ. ಸಹಿ, ನಿಮ್ಮ ಮೈದುನ.

ಈಗ ಸಮಾಧಾನವೇ?


ಏಪ್ರಿಲ್ 1

ಪ್ರಶ್ನೆಪತ್ರಿಕೆಗೆ,

ಸಮಾಧಾನ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾಳೆ ಒಂದು ಕಡೆ ಹೋಗುವುದಿತ್ತು, ಹೊತ್ತು ಗೊತ್ತು ಮಾಡಿಸಿದ್ದೆ. ಬೇಡವೆಂದು ಹೇಳಿಬಿಟ್ಟೆ. ನಿಮ್ಮಣ್ಣನನ್ನು ಕರೆದುಕೊಂಡು ಪಾರ್ಕಿಗೆ ಹೋಗುತ್ತೇನೆ. ಅವರು ಅಲ್ಲೂ ಎದುರು ಬಂದವರ ಕನ್ನಡಕ ವಾರೆಯಾಗಿದೆ ಅಂತ ಸರಿಮಾಡಲು ಹೋಗುತ್ತಾರೆ, ಹೋಗಲಿ.

ಸಮಿತಿಯ ಮುಂದೆ ಗಂಟಲು ಕೆರೆಯಬೇಡ. ಗೆದ್ದು ಬಾ.

ಅತ್ತಿಗೆ


ಮೇ 11

ಪ್ರೀತಿಯ ಅತ್ತಿಗೆ,

ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಬರೆಯುತ್ತಿದ್ದೇನೆ, ಬರೆಯಲೂ ಖುಷಿ. ಸಮಿತಿ ಒಪ್ಪಿತು. ಇನ್ನು ಮೂರು ವರ್ಷ, ಎರಡು ಸಾವಿರ ಟ್ಯೂಬು, ಹೊಸ ಯಂತ್ರ.

ಒಂದು ಮಾತು. ಟ್ಯೂಬು ಕರಗಿತ್ತು ಎಂದು ನಾನು ಸುಳ್ಳು ಬರೆದದ್ದಕ್ಕೆ ನೀವು ರಾಮಾಯಣವನ್ನೇ ಮಾಡುತ್ತೀರಿ ಅಂದುಕೊಂಡಿದ್ದೆ. ಒಂದು ಬೈಗುಳವೂ ಇಲ್ಲ. ವಯಸ್ಸಾಗಿ ಮೆತ್ತಗಾದಿರಾ? ಭಾನುವಾರ ಫೋನು ಮಾಡಿದರೆ ಅಣ್ಣ "ಮಲಗಿದಾಳೆ ಕಣೋ" ಅನ್ನುತ್ತಾನೆ. ಹಗಲು ಮಲಗುವ ಜಾಯಮಾನ ನಿಮ್ಮದಲ್ಲ. ಅಷ್ಟು ಕೆಲಸವೇ?

ನಿಮ್ಮ ಪ್ರಶ್ನೆಪತ್ರಿಕೆ


ಆಗಸ್ಟ್ 17

ಸಂಶೋಧನಾ ವಿಭಾಗಕ್ಕೆ,

ವಿಷಯ: ಸ್ಯಾಂಪಲ್ ಸಂಖ್ಯೆ 41ರ ಹಣೆಪಟ್ಟಿ ತಿದ್ದುಪಡಿ.

"ಆರೋಗ್ಯವಂತ" ಎಂದು ದಾಖಲಾದ ಮೇಲಿನ ದಾನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಆಗಸ್ಟ್ 12ರಂದು ಖಚಿತವಾಗಿದೆ. ರೋಗ ಯಕೃತ್ತಿಗೆ ಹರಡಿದೆ. ಶಸ್ತ್ರಚಿಕಿತ್ಸೆಯ ಹಂತ ದಾಟಿದೆ. ಈ ಸ್ಯಾಂಪಲ್ ಸಾಗಣೆಯಲ್ಲಿ ಕರಗಿರಲಿಲ್ಲ. ದಯವಿಟ್ಟು ದಾಖಲೆಯನ್ನು ತಿದ್ದಿಕೊಳ್ಳುವುದು.

ಲ್ಯಾಬ್ ತಂತ್ರಜ್ಞೆ

ಹೊತ್ತು ಹೊತ್ತಿಗೆ ಊಟ ಮಾಡು.


ಆಗಸ್ಟ್ 22

ಅತ್ತಿಗೇ, ಅತ್ತಿಗೇ!

ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ನಾಲ್ಕು ತಿಂಗಳು ಕಾಗದವಿಲ್ಲ, ಬಂದದ್ದು ಸರ್ಕಾರಿ ಓಲೆ ಎಂದು ಮುನಿಸಿಕೊಳ್ಳಲು ಹೊರಟವನು ಎರಡನೆಯ ಸಾಲಿಗೆ ಕುರ್ಚಿಯಿಂದ ಎದ್ದು ನಿಂತೆ. ಇದು ಏನು ಸುದ್ದಿ ಗೊತ್ತಾ? ಯಂತ್ರ ತಪ್ಪಿರಲಿಲ್ಲ! ಯಾವ ಡಾಕ್ಟರಿಗೂ ಕಾಣದ್ದನ್ನು, ಮಾಮೂಲಿ ಕಂಪ್ಯೂಟರಿಗೂ ಕಾಣದ್ದನ್ನು, ಅದು ತಿಂಗಳುಗಟ್ಟಲೆ ಮೊದಲೇ ಕಂಡಿತ್ತು! ಮೇಷ್ಟ್ರು ನನ್ನನ್ನು ತಬ್ಬಿಕೊಂಡರು. ಎರಡೂ ಮಹಡಿಗೆ ಸಿಹಿ ಹಂಚಿದೆವು. ನಾಲ್ಕು ವರ್ಷದಲ್ಲಿ ಇಷ್ಟು ಸಂತೋಷದ ದಿನ ನಾನು ಕಂಡಿಲ್ಲ.

ಆ ನಲವತ್ತೊಂದನೆಯವರ ಪೂರ್ತಿ ವಿವರ ಬೇಕು: ವಯಸ್ಸು, ಮೊದಲ ಲಕ್ಷಣ ಯಾವಾಗ, ತೂಕ ಎಷ್ಟು ಇಳಿಯಿತು, ಸಕ್ಕರೆ ಅಂಶ ಏರಿತ್ತೇ. ಸಾಧ್ಯವಾದರೆ ಇನ್ನೊಂದು ಟ್ಯೂಬು ರಕ್ತ. ನೀವು ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ?

ಪಾಪ, ಅವರಿಗೆ ಎಷ್ಟು ದಿನ ಇದೆಯಂತೆ? ಅದನ್ನೂ ಬರೆಯಿರಿ.

ನಿಮ್ಮ ಪ್ರಶ್ನೆಪತ್ರಿಕೆ


ಸೆಪ್ಟೆಂಬರ್ 3

ಮರಿ,

ನಿನ್ನ ಪ್ರಶ್ನೆಗಳಿಗೆ ಉತ್ತರ. ವಯಸ್ಸು ಐವತ್ತೆರಡು. ಬೆನ್ನುನೋವು ಫೆಬ್ರವರಿಯಿಂದ. ತೂಕ ಹದಿನಾಲ್ಕು ಕಿಲೋ ಇಳಿದಿದೆ. ಸಕ್ಕರೆ ಅಂಶ ಮೇ ತಿಂಗಳಲ್ಲಿ ಏರಿತು. ಆಗಸ್ಟ್ ಮೊದಲ ವಾರ ಗಂಡ ಹೊಸ ಕನ್ನಡಕ ಹಾಕಿ ನೋಡುವಾಗ "ಕಣ್ಣು ಯಾಕೆ ಹಳದಿಯಾಗಿದೆ" ಅಂದರು. ಉಳಿದಿರುವುದು ಎರಡು ತಿಂಗಳು, ಹೆಚ್ಚೆಂದರೆ ಮೂರು.

ನಲವತ್ತೊಂದು ನಾನೇ ಕಣೋ.

ಕೂತುಕೋ. ನೀರು ಕುಡಿದು ಮುಂದೆ ಓದು.

ಡಿಸೆಂಬರ್ ಕೊನೆಗೆ ತೊಂಬತ್ತೊಂಬತ್ತಕ್ಕೆ ನಿಂತಿತ್ತು. ನೀನು ದಿನ ಬಿಟ್ಟು ದಿನ ಫೋನು ಮಾಡಿ "ಆಯ್ತಾ, ಆಯ್ತಾ" ಅನ್ನುತ್ತಿದ್ದೆ. ಈ ಕೆಲಸದಲ್ಲಿರುವವರು ಸ್ವಂತ ರಕ್ತ ಕೊಡಕೂಡದು ಎಂಬ ನಿಯಮಕ್ಕೆ ನಾನೇ ಸಹಿ ಹಾಕಿದ್ದೆ. ಆದರೂ ಬಾಗಿಲು ಹಾಕಿಕೊಂಡು ನನ್ನ ತೋಳಿಗೆ ನಾನೇ ಸೂಜಿ ಚುಚ್ಚಿಕೊಂಡೆ. ಮೂವತ್ತು ವರ್ಷ ಟ್ಯೂಬಿನ ಚೀಟಿ ತಪ್ಪದವಳು ನನ್ನ ಚೀಟಿಯ ಮೇಲೆ "ಆರೋಗ್ಯವಂತ" ಎಂದು ಬರೆದುಕೊಂಡೆ. ಆಗ ಅದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ನಿನ್ನ ಕಾಗದ ಓದಿ ಬೀರುವಿನ ಪುಸ್ತಕವನ್ನು ಮತ್ತೆ ತೆರೆದು ನೋಡಿದೆ. ಸ್ಕ್ಯಾನಿಗೆ ಏಪ್ರಿಲ್ ಎರಡಕ್ಕೆ ಹೆಸರು ಬರೆಸಿದ್ದೆ. ಅಷ್ಟರಲ್ಲಿ ನೀನು ಬರೆದುಕೊಟ್ಟೆ. ನಾನು ನಂಬಿದೆ. ನಂಬಲು ಆಸೆಯಿತ್ತು, ನಂಬಿದೆ. ಸ್ಕ್ಯಾನಿನಲ್ಲಿ ಏನಾದರೂ ಸಿಕ್ಕರೆ ಟ್ಯೂಬು ಯಾರದೆಂಬುದು ಹೊರಬೀಳುತ್ತದೆ, ನಾನು ಕಳಿಸಿದ ಇನ್ನೂರೂ ಅನುಮಾನಕ್ಕೆ ಬೀಳುತ್ತವೆ, ಸಮಿತಿ ನಿನ್ನನ್ನು ಹೊರಗೆ ಹಾಕುತ್ತದೆ. ಆ ಭಯವೂ ಇತ್ತು. ಆ ವಾರವೇ ಸಿಕ್ಕಿದ್ದರೆ ಕತ್ತರಿಸಿ ತೆಗೆಯಬಹುದಿತ್ತು ಎಂದು ಇಲ್ಲಿನ ಡಾಕ್ಟರು ಹೇಳಲಿಲ್ಲ. ನಾನು ಕೇಳಿದಾಗ ಮುಖ ತಿರುಗಿಸಿದರು.

ಸಿಹಿ ಹಂಚಿದ ಕಾಗದ ಓದಿ ಮೊದಲು ನಗು ಬಂತು. ಆಮೇಲೆ ಬಂದ ಸಿಟ್ಟಿಗೆ ಅದನ್ನು ಹರಿದು ಹಾಕಿದೆ. ಆಮೇಲೆ ನಿಮ್ಮಣ್ಣ ನೋಡುತ್ತಾರೆಂದು ಚೂರುಗಳನ್ನು ಆರಿಸಿಕೊಂಡೆ. ನನಗೆ ಸಾಯಲು ಇಷ್ಟವಿಲ್ಲ ಕಣೋ. ಧೈರ್ಯವಾಗಿದ್ದಾಳೆ ಎಂದು ಇಲ್ಲಿ ಎಲ್ಲರೂ ಹೊಗಳುತ್ತಾರೆ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ.

ಇನ್ನೊಂದು ವಿಷಯ. ನೂರಾ ಏಳು ನಮ್ಮ ಇಸ್ತ್ರಿಯವರು. ಅವರೂ ನನ್ನ ಹಾಗೆ ಏನೂ ತಿಳಿಯದೆ ಬಟ್ಟೆ ಮಡಿಸುತ್ತಿದ್ದಾರಲ್ಲ ಎಂದು ಮನಸ್ಸು ತಡೆಯಲಿಲ್ಲ. ನಿಯಮ ಮುರಿದು ಹೋಗಿ ಹೇಳಿದೆ. ಪಾಪ, ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಬಿಟ್ಟು ನಿಂತುಬಿಟ್ಟರು. ನಾನೇ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಏನೂ ಇಲ್ಲ, ಕಲ್ಲುಗುಂಡಿನ ಹಾಗಿದ್ದಾರೆ.

ಅಂದರೆ ನಿನ್ನ ಯಂತ್ರ ಒಂದನ್ನು ಸರಿಯಾಗಿ ಹೇಳಿತು, ಒಂದನ್ನು ತಪ್ಪಾಗಿ ಹೇಳಿತು. ನಾಣ್ಯ ಚಿಮ್ಮಿದರೂ ಅಷ್ಟೇ ತಾನೇ? ನೀನು ನಂಬದೇ ಇದ್ದದ್ದು ತಪ್ಪಲ್ಲ ಮರಿ. ನಿನ್ನ ಜಾಗದಲ್ಲಿ ನಾನಿದ್ದರೂ ಗದ್ದಲ ಅಂತಲೇ ಅನ್ನುತ್ತಿದ್ದೆ. ಇದನ್ನು ನೀನು ಜನ್ಮಪೂರ್ತಿ ಹೊತ್ತುಕೊಂಡು ತಿರುಗಬೇಡ.

ಆದರೆ ಸಮಿತಿಗೆ ಹೋಗಿ ಎಲ್ಲ ಹೇಳಿಬಿಡು. ನನ್ನ ಟ್ಯೂಬಿನ ವಿಷಯ, ಕರಗಿತು ಎಂದು ಬರೆದ ವಿಷಯ, ಎಲ್ಲ. ನಾನು ಮುಚ್ಚಿಟ್ಟು ಏನಾಯಿತು ನೋಡಿದೆಯಲ್ಲ. ನಾಳೆ ಆ ಯಂತ್ರದ ಮಾತು ಕೇಳಿ ಊರ ಜನ ಬದುಕಬೇಕು.

ನಿನ್ನ ಅತ್ತಿಗೆ


ಸೆಪ್ಟೆಂಬರ್ 9

ಅತ್ತಿಗೆ,

ಸಮಿತಿಗೆ ಹೇಳಿದೆ. ಯೋಜನೆ ನಿಂತಿತು. ಮೇಷ್ಟ್ರು ನನ್ನ ಜೊತೆ ಮಾತಾಡುತ್ತಿಲ್ಲ. ಅದು ಇರಲಿ.

ಮುಂದಿನ ವಾರ ಶುಕ್ರವಾರ ಬೆಳಗಿನ ರೈಲಿಗೆ ಬರಬೇಕೆಂದಿದ್ದೇನೆ. ಬರುವ ಮೊದಲು ಇದನ್ನು ಬರೆಯಲೇಬೇಕು, ಎದುರಿಗೆ ನಿಂತರೆ ನನ್ನ ಬಾಯಿಂದ ಹೊರಡುವುದಿಲ್ಲ.

ಮಾರ್ಚ್ ಹನ್ನೆರಡರ ಕಾಗದದಲ್ಲಿ ನೀವು ನಾಲ್ಕು ಪ್ರಶ್ನೆ ಕೇಳಿದ್ದಿರಿ. ನಾನು ಮೂರಕ್ಕೆ ಉತ್ತರ ಬರೆದೆ. ಇನ್ನೊಂದು ಯಂತ್ರವನ್ನು ಕೇಳಲಾಗುವುದಿಲ್ಲವೇ ಎಂದಿರಲ್ಲ, ಅದಕ್ಕೆ ಬರೆಯಲಿಲ್ಲ. ಯಾಕೆಂದರೆ ನಾನು ಕೇಳಿದ್ದೆ.

ಆಚೆ ಕಟ್ಟಡದಲ್ಲಿ ಬೇರೆ ಗುಂಪಿನವರ ಯಂತ್ರವಿದೆ. ಬೇರೆ ಥರ ಕಟ್ಟಿದ್ದು, ಅದರ ಗದ್ದಲವೇ ಬೇರೆ. ನಿಮ್ಮ ಕಾಗದ ಬಂದ ಮಾರನೆಯ ದಿನ ಅಲ್ಲಿನ ಗೆಳತಿಯನ್ನು ಕಾಡಿ ಬೇಡಿ ಎರಡೂ ಟ್ಯೂಬಿನ ಅಂಕಿಗಳನ್ನು ಅದರ ಮೇಲೆ ಹಾಕಿಸಿದೆ. ನೂರಾ ಏಳನ್ನು ಅದು ಆರೋಗ್ಯವಂತ ಅಂದಿತು. ನಲವತ್ತೊಂದನ್ನು ರೋಗಿ ಅಂದಿತು. ಹತ್ತಕ್ಕೆ ಒಂಬತ್ತು ಸಲ.

ಎರಡು ಯಂತ್ರಗಳ ಗದ್ದಲ ಒಂದೇ ಮಾತು ಹೇಳುವುದಿಲ್ಲ, ಅತ್ತಿಗೆ. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ನನಗೂ ಗೊತ್ತಿತ್ತು. ಮೇಷ್ಟ್ರಿಗೆ ಹೇಳಲಿಲ್ಲ. ಸಮಿತಿಗೆ ಎರಡು ವಾರವಿತ್ತು. ಯಾರೋ ಒಬ್ಬರು, ಹೆಸರಿಲ್ಲದವರು, ನನ್ನ ಪಾಲಿಗೆ ಒಂದು ನಂಬರು. ಆ ಹಾಳೆಯನ್ನು ಮಡಿಸಿ ಡ್ರಾಯರಿಗೆ ಹಾಕಿದೆ, ಅದೇ ಮೇಜಿನ ಮುಂದೆ ಕೂತು "ಬರೆದುಕೊಡುತ್ತೇನೆ" ಎಂದು ನಿಮಗೆ ಬರೆದೆ.

ನೀವು ನಾಣ್ಯ ಚಿಮ್ಮಿದ ಹಾಗೆ ಎಂದು ಬರೆದು ನನ್ನನ್ನು ಬಿಡಿಸಿದಿರಿ. ಆ ಮಾತು ನನಗೆ ಸಲ್ಲುವುದಿಲ್ಲ. ಸುಮ್ಮನೆ ಇಟ್ಟುಕೊಳ್ಳೋಣವೆಂದು ಮೂರು ದಿನ ನೋಡಿದೆ, ಆಗಲಿಲ್ಲ. ನಿಮ್ಮನ್ನು ಕಳೆದುಕೊಳ್ಳುತ್ತಿರುವುದು ಯಂತ್ರದಿಂದಲ್ಲ, ನನ್ನಿಂದ.

ಬರಲೋ ಬೇಡವೋ, ಒಂದು ಸಾಲು ಬರೆಯಿರಿ. ಬೇಡ ಅಂದರೆ ಬರುವುದಿಲ್ಲ.


ಸೆಪ್ಟೆಂಬರ್ 13

ನಿನ್ನ ಕಾಗದ ಬಂತು. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸರಿಯಾಗಿಲ್ಲ.

ಹೋದ ಸಲ ಹೊತ್ತುಕೊಂಡು ತಿರುಗಬೇಡ ಎಂದು ಬರೆದಿದ್ದೆ. ಅದನ್ನು ಈಗ ಬರೆಯಲಾರೆ. ಸಿಟ್ಟು ಬಂದಿದೆ. ಕಿವಿ ಹಿಂಡುವ ಸಿಟ್ಟಲ್ಲ, ಬೇರೆ. ಅದು ಇಳಿಯುವಷ್ಟು ದಿನ ನನ್ನ ಹತ್ತಿರ ಇದೆಯೋ ಇಲ್ಲವೋ ತಿಳಿಯದು. ನೀನು ಬಂದಾಗ ನಾನು ಮಾತಾಡದೇ ಇರಬಹುದು. ಗೋಡೆಯ ಕಡೆ ತಿರುಗಿ ಮಲಗಬಹುದು. ಬೇಜಾರು ಮಾಡಿಕೊಂಡು ಎದ್ದು ಹೋಗಬೇಡ, ಪಕ್ಕದಲ್ಲೇ ಕೂತಿರು.

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ತೋರಿಸಿಲ್ಲ, ಒಲೆಗೆ ಹಾಕಿದೆ. ಮುಚ್ಚಿಡಬೇಡ ಎಂದು ನಿನಗೆ ಹೇಳಿದವಳು ನಾನೇ. ಆದರೆ ಎರಡನೆಯ ಯಂತ್ರದ ವಿಷಯ ಅವರಿಗೆ ಹೇಳಬೇಡ, ನಾನು ಹೋದ ಮೇಲೂ ಹೇಳಬೇಡ. ಆ ಭಾರ ನೀನೊಬ್ಬನೇ ಹೊರು. ಆಮೇಲೆ ಅವರಿಗೆ ಇರುವುದು ನೀನೊಬ್ಬನೇ.

ಬಾ.